ಬೇರೂ ಬಿರುಕೂ

ಲೋಕದಲ್ಲಿ ಯಾವುದಾದರೊಂದು ಕೇಡು ಒದಗಿದಾಗ ಅದರ ಕಾರಣವನ್ನು ಹುಡುಕುವುದು ಮನುಷ್ಯನ ಸ್ವಭಾವ. ಆದರೆ ಆ ಹುಡುಕಾಟವು ಬಹುಮಟ್ಟಿಗೆ ಕಣ್ಣಿಗೆ ಮೊದಲು ಬಿದ್ದ ವಸ್ತುವಿನ ಬಳಿಯಲ್ಲೇ ನಿಂತುಬಿಡುತ್ತದೆ. ಕಾರ್ಯಕ್ಕೆ ನಿಯತವಾಗಿ ಮುಂಚಿತವಾಗಿ ಇರುವುದೇ ಕಾರಣವೆಂದು ತರ್ಕಶಾಸ್ತ್ರವು ಹೇಳುತ್ತದೆ. ಎರಡು ವಸ್ತುಗಳು ಒಂದೆಡೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ತಪ್ಪದೆ ನೋಡಬೇಕು. ಪಾಠಶಾಲೆಯಲ್ಲಿ ಈ ನಿಯಮವನ್ನು ಮಡಕೆ, ಕುಂಬಾರ, ದಂಡಗಳ ಉದಾಹರಣೆಯಿಂದ ಕಲಿಸುತ್ತಾರೆ. ಅದು ನಿಜವಾದ ಪರೀಕ್ಷೆಗೆ ಒಳಗಾಗುವುದು ಮನೆಯ ಹಿತ್ತಿಲಿನಲ್ಲಿ, ಅಗೆದ ಗುಂಡಿಯ ಅಂಚಿನಲ್ಲಿ.

ತರೀಕೆರೆಯು ತನ್ನ ಹೆಸರಿನಲ್ಲೇ ಕೆರೆಯನ್ನು ಧರಿಸಿರುವ ಊರು. ಅದರ ಕೆರೆಯ ಏರಿಯ ಮೇಲೆ ಮೇಯುವ ಕುರಿಮರಿಗಳ ಮಾತು ಕನ್ನಡ ನಾಡಿನ ಮಕ್ಕಳಿಗೆಲ್ಲ ನಾಲಗೆ ಪಳಗಿಸುವ ಪಾಠವಾಗಿದೆ. ಪಡುವಲಿಗೆ ಗಿರಿಶ್ರೇಣಿಯೂ ಕಾಡೂ, ಮೂಡಲಿಗೆ ಅಜ್ಜಂಪುರದ ಕಡೆಯ ಬಯಲೂ ಇರುವ ಈ ಸೀಮೆಯಲ್ಲಿ ಮಲೆನಾಡು ಮುಗಿದು ಬಯಲುನಾಡು ಮೊದಲಾಗುತ್ತದೆ. ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ಅದರ ಜಲಾಶಯವು 71.5 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಭದ್ರಾ ಮೇಲ್ದಂಡೆ ಯೋಜನೆಯು ಆ ಜಲಾಶಯದಿಂದ 29.9 ಟಿ.ಎಂ.ಸಿ. ನೀರನ್ನು ಎತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ಚಿತ್ರದುರ್ಗವೇ ಮೊದಲಾದ ಬರದ ಸೀಮೆಗಳಿಗೆ ಒಯ್ಯುವ ಉದ್ದೇಶದ್ದು. ನೀರಿಗಾಗಿ ಗುಡ್ಡವನ್ನೇ ಕೊರೆಯುವ ನೆಲದಲ್ಲಿ, ಹಿತ್ತಿಲಿನ ಅರ್ಧ ಅಂಗುಲದ ಕೊಳವೆಯೊಳಗೆ ಏನು ನಡೆಯುತ್ತದೆಂದು ವಿಚಾರಿಸುವುದು ಅಲ್ಪ ವಿಷಯವೆಂದು ತೋರಬಹುದು. ಅದು ಅಲ್ಪವಲ್ಲವೆಂಬುದು ಮುಂದೆ ವಿದಿತವಾಗುತ್ತದೆ.

ಇಂಥ ಊರಿನಲ್ಲಿ ಎಲ್ಲಿ ಬೇಕಾದರೂ ನಡೆಯಬಹುದಾದ ಪ್ರಸಂಗವೊಂದನ್ನು ಭಾವಿಸಬಹುದು. ಒಂದು ಮನೆಯ ಹಿತ್ತಿಲಿನಲ್ಲಿ ಹಿರಿಯರ ಕಾಲದ ಹಲಸಿನ ಮರ. ಅದರ ನೆರಳು ಬೇಲಿಯನ್ನು ದಾಟಿ ನೆರೆಮನೆಯ ಬಚ್ಚಲ ಮೇಲೆ ಬಿದ್ದಿದೆ. ನೆರೆಯವನ ನಲ್ಲಿಯಲ್ಲಿ ನೀರು ಕ್ಷೀಣವಾಗುತ್ತ ಬಂದಿತು. ಕೆಲಸದವರನ್ನು ಕರೆಸಿ ಅಗೆಯಿಸಿದಾಗ ಕೊಳವೆಯ ಸಂದಿನ ಸುತ್ತ ಬೇರುಗಳು ಜಡೆಗಟ್ಟಿ ಹೆಣೆದುಕೊಂಡಿದ್ದವು. "ಯಜಮಾನರೇ, ನಿಮ್ಮ ಮರ ನಮ್ಮ ಪೈಪನ್ನು ಒಡೆದುಹಾಕಿದೆ, ಕಡಿಸಿಬಿಡಿ" ಎಂದು ಇವನು. "ನಮ್ಮ ತಂದೆಯವರು ನೆಟ್ಟ ಮರವಪ್ಪ, ನೀನು ಪೈಪು ಹೂಳಿಸುವಾಗ ಅದು ಇಲ್ಲಿಯೇ ಇತ್ತಲ್ಲ" ಎಂದು ಅವರು. ಮಾತಿಗೆ ಮಾತು ಬೆಳೆದು, ಹಬ್ಬದ ದಿನ ಹೋಳಿಗೆ ಕೊಟ್ಟು ತರುತ್ತಿದ್ದ ಎರಡು ಮನೆಗಳ ನಡುವೆ ಮೌನದ ಗೋಡೆ ಏಳುತ್ತದೆ. ಇಲ್ಲಿ ದೋಷ ಯಾರದು? ಮರದ್ದೋ, ಮರದ ಒಡೆಯನದೋ, ಕೊಳವೆಯ ಒಡೆಯನದೋ?

ಇದನ್ನು ನಿರ್ಣಯಿಸುವುದಕ್ಕೆ ಮೊದಲು ಬೇರಿನ ಸ್ವಭಾವವನ್ನು ಅರಿಯಬೇಕು. ಬೇರು ಕಬ್ಬಿಣದ ಗುದ್ದಲಿಯಲ್ಲ. ಅದರ ತುದಿಯು ಅತ್ಯಂತ ಕೋಮಲವಾದುದು. ಆ ತುದಿಯ ಹಿಂದೆ ಕೂದಲಿಗಿಂತ ಸೂಕ್ಷ್ಮವಾದ ಎಳೆಗಳಿದ್ದು ಅವುಗಳ ಮೂಲಕವೇ ಮರವು ನೀರನ್ನು ಹೀರುತ್ತದೆ. ತುದಿಯ ಒಂದು ಪಕ್ಕದಲ್ಲಿ ತೇವ ಹೆಚ್ಚಿದ್ದರೆ ಬೇರು ಆ ಕಡೆಗೆ ಬಾಗುತ್ತದೆ. ಬೇರಿನ ತುದಿಯ ಈ ಸಂವೇದನೆಯನ್ನು ಚಾರ್ಲ್ಸ್ ಡಾರ್ವಿನ್ನನು 1880ರಲ್ಲಿ ಪ್ರಕಟವಾದ ತನ್ನ ಸಸ್ಯಚಲನೆಯ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾನೆ. ಮರದ ಬೇರುಗಳಲ್ಲಿ ಬಹುಪಾಲು ನೆಲದ ಮೇಲ್ಭಾಗದ ಎರಡು ಮೂರು ಅಡಿಗಳಲ್ಲೇ ಹರಡಿರುತ್ತವೆ. ಕೊಂಬೆಗಳ ನೆರಳನ್ನೂ ಮೀರಿ ದೂರ ಹೋಗುತ್ತವೆ. ಮನೆಯ ಕೊಳವೆಗಳನ್ನು ಹೂಳುವುದೂ ಸಾಮಾನ್ಯವಾಗಿ ಅದೇ ಆಳದಲ್ಲಿ. ಕೊಳವೆ ಹೂತ ಕಾಲುವೆಯನ್ನು ಮತ್ತೆ ಮುಚ್ಚಿದಾಗ ಅಲ್ಲಿನ ಮಣ್ಣು ಸಡಿಲವಾಗಿರುತ್ತದೆ. ಸಡಿಲ ಮಣ್ಣಿನಲ್ಲಿ ಗಾಳಿಯೂ ತೇವವೂ ಸುಲಭವಾಗಿ ಸಿಗುವುದರಿಂದ ಬೇರು ಆ ಜಾಡನ್ನೇ ಹಿಡಿಯುತ್ತದೆ.

ಹೀಗಿದ್ದರೂ ದೃಢವಾದ ಕೊಳವೆಯೊಳಗೆ ನೀರಿದೆಯೆಂಬುದನ್ನು ದೂರದಿಂದ ತಿಳಿದು ಅದನ್ನು ಭೇದಿಸಲು ಬೇರು ಬರುವುದಿಲ್ಲ. ಸಂದು ಬಿಗಿಯಾಗಿದ್ದರೆ ಅದು ಪಕ್ಕದಲ್ಲಿ ಹಾದು ಹೋಗುತ್ತದೆ. ಎಲ್ಲಿ ಸಂದು ಸಡಿಲವಾಗಿ ನೀರು ಒಸರಿ ಸುತ್ತಣ ಮಣ್ಣು ನೆನೆದಿದೆಯೋ ಅಲ್ಲಿ ಅದು ನಿಲ್ಲುತ್ತದೆ, ಕವಲೊಡೆಯುತ್ತದೆ, ಜಡೆಗಟ್ಟುತ್ತದೆ. ನಲ್ಲಿಯ ನೀರಿನ ಕೊಳವೆಯಲ್ಲಿ ಒತ್ತಡವಿರುವುದರಿಂದ ಬೇರು ಒಳಗೆ ನುಗ್ಗುವುದು ವಿರಳ. ಹೊರಗೆ ಒಸರಿದ ನೀರನ್ನು ಕುಡಿದು ಅಲ್ಲೇ ದಪ್ಪವಾಗಿ, ಮೊದಲೇ ಸಡಿಲಿದ ಸಂದನ್ನು ಇನ್ನಷ್ಟು ಸರಿಸುತ್ತದೆ. ಒಳಚರಂಡಿಯ ಕೊಳವೆಯ ಸಂಗತಿ ಬೇರೆ. ಅದರಲ್ಲಿ ಒತ್ತಡವಿಲ್ಲ, ಗಾಳಿಯೂ ಇದೆ, ಸಾರವೂ ಇದೆ. ಹಳೆಯ ಮಣ್ಣಿನ ಕೊಳವೆಗಳ ಗಾರೆಯ ಸಂದು ಕೂದಲೆಳೆಯಷ್ಟು ಬಿಟ್ಟರೂ ಸಾಕು, ಎಳೆಬೇರು ಒಳಹೊಕ್ಕು ಬಲೆಯಂತೆ ಹರಡಿ, ಜಿಡ್ಡು ಕಸಗಳನ್ನು ತಡೆದು ಹರಿವನ್ನೇ ನಿಲ್ಲಿಸುತ್ತದೆ. ಎರಡು ಕಡೆಯೂ ಕ್ರಮ ಒಂದೇ: ಮೊದಲು ಬಿರುಕು, ಅನಂತರ ತೇವ, ಆಮೇಲೆ ಬೇರು.

ಬಿರುಕು ಬರುವುದಾದರೂ ಏತರಿಂದ? ಹಳೆಯ ಕಬ್ಬಿಣದ ಕೊಳವೆ ತುಕ್ಕು ಹಿಡಿಯುತ್ತದೆ. ಇಂದಿನ ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಒರೆಸದೆ, ಅಂಟು ಆರುವ ಮೊದಲೇ ನೀರು ಬಿಟ್ಟರೆ ಸಂದು ಗಟ್ಟಿಯಾಗದು. ಅಡಿಯಲ್ಲಿ ಮರಳು ಹಾಸದೆ ಮೊನಚು ಕಲ್ಲಿನ ಮೇಲೆ ಇಟ್ಟ ಕೊಳವೆ ಗಾಡಿ ಹಾಯ್ದಾಗ ಸೀಳುತ್ತದೆ. ಎರೆಮಣ್ಣಿನ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿದು ಸಂದನ್ನು ಎಳೆಯುತ್ತದೆ. ಇವೆಲ್ಲ ಮನುಷ್ಯನ ಕೆಲಸಕ್ಕೂ ಕಾಲದ ಕೆಲಸಕ್ಕೂ ಸೇರಿದವು. ಮರವು ಇವುಗಳಲ್ಲಿ ಬಹುತೇಕಕ್ಕೆ ಹೊಣೆಯಲ್ಲ.

ಮರವು ನೀರನ್ನು ತೋರಿಸಿಕೊಡುತ್ತದೆಂಬುದು ನಮ್ಮ ಪೂರ್ವಿಕರಿಗೆ ಹೊಸ ಮಾತಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವನ್ನೇ ಬರೆದು, ನೇರಳೆ, ಅತ್ತಿ ಮೊದಲಾದ ಮರಗಳ ಬಳಿ ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ನೀರು ದೊರೆಯುವುದೆಂಬುದನ್ನು ನಿರೂಪಿಸಿದ್ದಾನೆ. ದೇಹದಲ್ಲಿ ನರಗಳಿರುವಂತೆ ಭೂಮಿಯಲ್ಲಿ ಜಲದ ಸಿರೆಗಳಿವೆಯೆಂಬುದು ಅವನ ಭಾವನೆ. ಆ ಲಕ್ಷಣಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುತ್ತವೆಯೇ ಎಂಬುದು ಬೇರೆ ಮಾತು. ಮರವನ್ನು ಸಾಕ್ಷಿಯೆಂದು ಎಣಿಸಿದ ದೃಷ್ಟಿ ಮಾತ್ರ ಸರಿಯಾದುದು. ಅಗೆದ ಗುಂಡಿಯಲ್ಲಿ ಕಂಡ ಬೇರಿನ ಜಡೆಯೂ ಹಾಗೆಯೇ ಒಂದು ಸಾಕ್ಷಿ. ನೀರು ಎಷ್ಟು ದಿನದಿಂದ ಸೋರುತ್ತಿದೆಯೆಂಬುದನ್ನು ಅದು ತನ್ನ ದಪ್ಪದಿಂದಲೇ ಹೇಳುತ್ತದೆ. ಸಾಕ್ಷಿ ಹೇಳಬಂದವನನ್ನು ಕಳ್ಳನೆಂದು ಕಟ್ಟಿಹಾಕುವುದು ನ್ಯಾಯವಲ್ಲ.

ಆದರೆ ಮರವು ಎಲ್ಲ ಕಾಲದಲ್ಲೂ ನಿರಪರಾಧಿಯೆಂದು ಸಾರಿಬಿಡುವುದೂ ಸತ್ಯವಲ್ಲ. ಆಲ, ಅರಳಿ, ಅತ್ತಿಗಳ ಬೇರು ವರ್ಷವರ್ಷಕ್ಕೂ ದಪ್ಪವಾಗುವುದರಿಂದ ಅದು ಅಡಿಯಲ್ಲಿ ಸಿಕ್ಕ ಕೊಳವೆಯನ್ನು ಎತ್ತಲೂ ಬಲ್ಲುದು, ಗೋಡೆಯನ್ನು ಸೀಳಲೂ ಬಲ್ಲುದು. ತೆಂಗು ಅಡಿಕೆಗಳ ನಾರುಬೇರು ಹಾಗೆ ದಪ್ಪವಾಗುವುದಿಲ್ಲ. ಕೆರೆಯ ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಯಗೊಡಬಾರದೆಂಬ ನಿಯಮಕ್ಕೂ ಕಾರಣವುಂಟು: ಮರ ಸತ್ತ ಮೇಲೆ ಅದರ ಬೇರು ಕೊಳೆತು ಏರಿಯ ಗರ್ಭದಲ್ಲಿ ಕೊಳವೆಯಂಥ ಪೊಳ್ಳನ್ನು ಬಿಡುತ್ತದೆ; ಆ ದಾರಿಯಲ್ಲಿ ನೀರು ಜಿನುಗಿ, ಜಿನುಗಿದ್ದು ಮಣ್ಣನ್ನು ಕೊಚ್ಚಿ, ಕಡೆಗೆ ಏರಿಯೇ ಒಡೆಯಬಹುದು. 1369ರ ಪೋರುಮಾಮಿಳ್ಳ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಸಂಸ್ಕೃತ ಶ್ಲೋಕಗಳಲ್ಲಿ ಎಣಿಸಿದೆ. ಆ ದೋಷಗಳಲ್ಲಿ ಏರಿಯಿಂದ ನೀರು ಒಸರುವುದೂ ಒಂದು. ಏರಿಯ ಮೇಲೆ ಆಲವನ್ನು ನೆಟ್ಟವನು, ಕೊಳವೆಯ ಮೇಲೆಯೇ ಅರಳಿಯನ್ನು ನೆಟ್ಟವನು, ಆಲದ ಬುಡದಲ್ಲೇ ಕೊಳವೆ ಹೂಳಿದವನು, ಇವರು ಹೊಣೆಗಾರರು. ಅಲ್ಲಿಯೂ ಮರವು ತನ್ನ ಧರ್ಮದಂತೆ ಬೆಳೆಯಿತೇ ಹೊರತು ಅಧರ್ಮವನ್ನು ಮಾಡಲಿಲ್ಲ. ಧರ್ಮಾಧರ್ಮಗಳ ವಿಚಾರವು ಆಯ್ಕೆಯುಳ್ಳವನಿಗೆ ಮಾತ್ರ ಅನ್ವಯಿಸುತ್ತದೆ. ಆ ಆಯ್ಕೆ ಮನುಷ್ಯನಿಗೆ ಉಂಟು, ಬೇರಿಗೆ ಇಲ್ಲ.

ಹೀಗೆ ಮರವನ್ನು ಬಿಟ್ಟು ಮನೆಯೊಡೆಯನ ಕಡೆಗೆ ತಿರುಗಿದಾಗ ನಿಜವಾದ ತೊಡಕು ಎದುರಾಗುತ್ತದೆ. ಅವನು ಹೇಳಬಹುದು: "ಸೋರಿಕೆ ನೆಲದೊಳಗೆ ಇತ್ತು. ಅದು ನನಗೆ ಕಾಣಲಿಲ್ಲ. ಕಾಣದ್ದಕ್ಕೆ ನಾನು ಹೇಗೆ ದೋಷಿಯಾಗುತ್ತೇನೆ?" ಇದು ಬಲವಾದ ಪೂರ್ವಪಕ್ಷ. ಅರಿಯದೆ ಆದ ಕೇಡಿಗೆ ಪಾಪವನ್ನು ಹೊರಿಸುವುದು ಕ್ರೂರವೆಂದು ಯಾರಿಗಾದರೂ ತೋರುತ್ತದೆ. ಈ ಪ್ರಶ್ನೆಯು ಎಷ್ಟು ಆಳವಾದುದೆಂಬುದನ್ನು ತಿಳಿಯಲು ದೂರದೇಶದ ಒಂದು ವೃತ್ತಾಂತವನ್ನು ಸ್ಮರಿಸುವುದು ಯುಕ್ತ.

1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ಕಾಲರಾ ಬೇನೆ ಹಬ್ಬಿ 600ಕ್ಕೂ ಹೆಚ್ಚು ಜನ ಸತ್ತರು. ಬೇನೆಯು ಕೆಟ್ಟ ಗಾಳಿಯಿಂದ ಬರುತ್ತದೆಂಬುದು ಆ ಕಾಲದ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಗುರುತಿಸಿ, ಅವರಲ್ಲಿ ಬಹುಮಂದಿ ಒಂದೇ ಬಾವಿಯ ಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ಪಂಪಿನ ಹಿಡಿಯನ್ನು ತೆಗೆಸಲಾಯಿತು. ಆ ನೆರೆಯ ಚರ್ಚಿನಲ್ಲಿ ಸೇವೆಯಲ್ಲಿದ್ದ ಪಾದ್ರಿ ಹೆನ್ರಿ ವೈಟ್‌ಹೆಡ್ ಈ ಮಾತನ್ನು ಮೊದಲು ನಂಬಲಿಲ್ಲ. ಅದನ್ನು ಸುಳ್ಳೆಂದು ತೋರಿಸಲೆಂದೇ ಮನೆಮನೆಗೆ ಹೋಗಿ ವಿಚಾರಿಸಿದನು. ವಿಚಾರಿಸಿದಷ್ಟೂ ಅದು ನಿಜವೆಂದು ಅವನಿಗೇ ಮನವರಿಕೆಯಾಯಿತು. ಬಾವಿಯ ಪಕ್ಕದ ಮನೆಯಲ್ಲಿ ಒಂದು ಹಸುಳೆ ಭೇದಿಯಿಂದ ಸತ್ತಿತ್ತು. ತಾಯಿಯು ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಣ ಮಲಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಿದಾಗ ಆ ಗುಂಡಿಯ ಇಟ್ಟಿಗೆಗಳು ಜೀರ್ಣವಾಗಿ, ಮೂರಡಿಗೂ ಕಡಿಮೆ ದೂರದಲ್ಲಿದ್ದ ಬಾವಿಗೆ ಹೊಲಸು ಒಸರುತ್ತಿದ್ದುದು ಕಂಡುಬಂದಿತು.

ಆ ತಾಯಿಯನ್ನು ಪಾಪಿಯೆನ್ನಬಹುದೇ? ಯಾವ ಕರುಣೆಯುಳ್ಳವನೂ ಹಾಗೆನ್ನಲಾರ. ಅವಳಿಗೆ ತಿಳಿದಿರಲಿಲ್ಲ, ಆ ಕಾಲದ ಪಂಡಿತರಿಗೇ ತಿಳಿದಿರಲಿಲ್ಲ. ಆದರೂ ಆ ಬಿರುಕಿನಿಂದಾದ ಸಾವುಗಳು ಸಾವುಗಳೇ. ಇಲ್ಲಿ ದೋಷ ಮತ್ತು ಹೊಣೆ ಎಂಬ ಎರಡನ್ನು ಬೇರ್ಪಡಿಸಿ ನೋಡಬೇಕು. ದೋಷವು ಹಿಂದಕ್ಕೆ ನೋಡುತ್ತದೆ. ಮಾಡಿದವನ ಅರಿವನ್ನೂ ಉದ್ದೇಶವನ್ನೂ ಕೇಳುತ್ತದೆ. ಹೊಣೆಯು ಮುಂದಕ್ಕೆ ನೋಡುತ್ತದೆ. ಯಾರ ಕೈಯಲ್ಲಿ ಇದನ್ನು ಸರಿಪಡಿಸುವ ಶಕ್ತಿಯಿದೆಯೆಂದು ಕೇಳುತ್ತದೆ. ದೋಷವಿಲ್ಲದೆಯೂ ಹೊಣೆ ಇರಬಹುದು. ಇಟ್ಟಿಗೆ ಜೀರ್ಣವಾದದ್ದು ಯಾರ ದೋಷವೂ ಅಲ್ಲದಿರಬಹುದು. ಅದು ಗೊತ್ತಾದ ಮರುದಿನವೂ ಅದನ್ನು ಹಾಗೆಯೇ ಬಿಟ್ಟರೆ ಆಗ ಅದು ಮನುಷ್ಯನ ದೋಷ.

ಆದುದರಿಂದ ಕಾಣದ ಸೋರಿಕೆಯಲ್ಲಿ ಮೂರು ಅವಸ್ಥೆಗಳನ್ನು ಗುರುತಿಸಬಹುದು. ಮೊದಲನೆಯದು ಅರಿಯದಿರುವುದು. ಯಾವ ಕುರುಹೂ ಕಾಣದಿದ್ದಾಗ ಮನೆಯೊಡೆಯನು ನಿರ್ದೋಷಿ. ಎರಡನೆಯದು ಕುರುಹು ಕಂಡೂ ನೋಡದಿರುವುದು. ಬೇಸಗೆಯಲ್ಲಿ ಹಿತ್ತಿಲೆಲ್ಲ ಒಣಗಿದ್ದರೂ ಒಂದೆಡೆ ಮಾತ್ರ ಹುಲ್ಲು ಹಸಿರಾಗಿರುತ್ತದೆ. ಗೋಡೆಯ ಬುಡದಲ್ಲಿ ತೇವ ಏರಿ ಸುಣ್ಣ ಉದುರುತ್ತದೆ. ಎಲ್ಲ ನಲ್ಲಿಗಳನ್ನು ಮುಚ್ಚಿದರೂ ಮೀಟರಿನ ಮುಳ್ಳು ತಿರುಗುತ್ತಿರುತ್ತದೆ. ರಾತ್ರಿ ತುಂಬಿದ ತೊಟ್ಟಿ ಬೆಳಗಿಗೆ ನಾಲ್ಕು ಬೆರಳು ಇಳಿದಿರುತ್ತದೆ. ಇವನ್ನು ಕಂಡು "ಆಗಲಿ, ಹಬ್ಬ ಮುಗಿಯಲಿ" ಎನ್ನುವವನು ಅಜ್ಞಾನಿಯಲ್ಲ; ಅವನು ಮರೆವನ್ನು ತಾನಾಗಿಯೇ ಹೊದ್ದವನು. ಶರಣರು ಅರಿವಿಗೆ ಎದುರಾಗಿ ಇಟ್ಟ ಮಾತು ಮರೆವು ಎಂಬುದು ಇಲ್ಲಿ ಮನನೀಯ. ಅರಿಯದಿರುವುದಕ್ಕೆ ಮದ್ದು ಬೋಧೆ. ಅರಿತುದನ್ನು ಬದಿಗೆ ಸರಿಸುವುದಕ್ಕೆ ಬೋಧೆ ಸಾಲದು, ಎಚ್ಚರ ಬೇಕು. ಮೂರನೆಯದು ಅರಿತು ಮರೆಮಾಡುವುದು. ತನ್ನ ಸಂದು ಸಡಿಲಿತ್ತೆಂದು ಕೆಲಸದವನು ಹೇಳಿದ ಮೇಲೂ ಬೇರನ್ನೇ ಎತ್ತಿ ಹಿಡಿದು ನೆರೆಯವರಿಂದ ಹಣ ಕೇಳುವುದು ಈ ವರ್ಗಕ್ಕೆ ಸೇರಿದ್ದು. ಮೊದಲನೆಯದಕ್ಕೆ ಹೊಣೆ ಮಾತ್ರ ಉಂಟು, ಎರಡನೆಯದಕ್ಕೆ ದೋಷವೂ ಉಂಟು, ಮೂರನೆಯದು ವಂಚನೆ.

ಎರಡನೆಯ ಪೂರ್ವಪಕ್ಷ ಹೀಗಿದೆ: "ನೀರಿನ ಹಣವನ್ನು ನಾನು ಕಟ್ಟುತ್ತೇನೆ. ಸೋರಿದರೆ ನಷ್ಟ ನನ್ನದು. ಇದರಲ್ಲಿ ಧರ್ಮದ ಮಾತೇಕೆ?" ಇದಕ್ಕೆ ಮೊದಲು ಲೆಕ್ಕದಿಂದ ಉತ್ತರ ಕೊಡಬೇಕು. ಕ್ಷಣಕ್ಕೆ ಒಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 86,400 ಹನಿಗಳನ್ನು ಬಿಡುತ್ತದೆ. ಒಂದು ಮಿಲಿಲೀಟರಿಗೆ 20 ಹನಿಯೆಂದು ಹಿಡಿದರೂ ಅದು ದಿನಕ್ಕೆ 4.3 ಲೀಟರು, ವರ್ಷಕ್ಕೆ ಸುಮಾರು 1,577 ಲೀಟರು. ಇದು ಕಣ್ಣಿಗೆ ಕಾಣುವ ಸೋರಿಕೆ. ನೆಲದೊಳಗಿನ ಕೊಳವೆಯಲ್ಲಿ ಒಂದೂವರೆ ಮಿಲಿಮೀಟರಿನ ತೂತು ಬಿದ್ದಿದ್ದು, ನೀರು 10 ಮೀಟರು ಎತ್ತರದ ತೊಟ್ಟಿಯಿಂದ ಇಳಿದು ಬರುತ್ತಿದ್ದರೆ, ಗಂಟೆಯೊಂದಕ್ಕೆ ಸುಮಾರು 50 ಲೀಟರು ಹೊರಬೀಳುತ್ತದೆ. 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಪ್ರತಿಯೊಬ್ಬನಿಗೆ ದಿನಕ್ಕೆ 55 ಲೀಟರು ನೀರನ್ನು ಮನೆಯ ನಲ್ಲಿಯಲ್ಲೇ ಒದಗಿಸಬೇಕೆಂದು ಗೊತ್ತುಮಾಡಿದೆ. ಎಂದರೆ ಸಾಸಿವೆಯಷ್ಟು ತೂತು ಒಂದು ಗಂಟೆಯಲ್ಲಿ ಒಬ್ಬ ಮನುಷ್ಯನ ಒಂದು ದಿನದ ಪಾಲನ್ನು ಹೆಚ್ಚುಕಡಮೆ ಮಣ್ಣಿಗೆ ಸೇರಿಸುತ್ತದೆ.

ಹಣ ಕಟ್ಟಿದ ಮಾತ್ರಕ್ಕೆ ಆ ಪಾಲು ಇವನದಾಗದು. ಒಂದೇ ಕೊಳವೆಯ ಸಾಲಿನಲ್ಲಿ ಮೊದಲ ಮನೆ, ಕಡೆಯ ಮನೆ ಎಂಬ ಭೇದವುಂಟು. ಮೊದಲಿನಲ್ಲಿ ಸೋರಿದಷ್ಟೂ ಕಡೆಯಲ್ಲಿ ಒತ್ತಡ ಕುಗ್ಗುತ್ತದೆ. ಅಲ್ಲಿನ ಹೆಣ್ಣುಮಗಳು ಕೊಡವನ್ನು ಇಟ್ಟು ಕಾಯುತ್ತಾಳೆ. ಇನ್ನೂ ಘೋರವಾದುದೊಂದು ಉಂಟು. ನಮ್ಮ ಊರುಗಳಲ್ಲಿ ನೀರು ದಿನವಿಡೀ ಬರುವುದು ವಿರಳ. ಬಿಟ್ಟ ವೇಳೆಯಲ್ಲಿ ಬರುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಯಾವ ತೂತಿನಿಂದ ನೀರು ಹೊರಗೆ ಹೋಗುತ್ತಿತ್ತೋ ಅದೇ ತೂತಿನಿಂದ ಸುತ್ತಣ ಕೆಸರುನೀರು ಒಳಗೆ ಸೇದಲ್ಪಡುತ್ತದೆ. ಪಕ್ಕದಲ್ಲಿ ಚರಂಡಿಯಿದ್ದರೆ ಅದರ ಹೊಲಸೂ ಸೇರುತ್ತದೆ. ಮರುದಿನ ನೀರು ಬಿಟ್ಟಾಗ ಅದು ಯಾವ ಮನೆಯ ಮಗುವಿನ ಲೋಟಕ್ಕೆ ಹೋಗುತ್ತದೋ ಹೇಳಲಾಗದು. ಸೋರಿಕೆಯು ಕೇವಲ ನಷ್ಟವಾಗಿದ್ದರೆ ಅದು ಒಡೆಯನ ಸ್ವಂತ ವಿಷಯವಾಗಬಹುದಿತ್ತು. ಹೊಲಸಿಗೆ ಬಾಗಿಲಾಗುವುದರಿಂದ ಅದು ಕೇರಿಯ ವಿಷಯವಾಗುತ್ತದೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನೆನಪಿಗೆ ಬರುವುದು ಸಹಜ. ಕಲ್ಯಾಣದಲ್ಲಿ ಬಸವಣ್ಣನವರ ಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದು ಗಂಡನಿಗೆ ಹೇಳಿದಳೆಂಬುದು ಪ್ರಸಿದ್ಧ. ಈ ಕಥೆಯನ್ನು ಸಾಮಾನ್ಯವಾಗಿ ಆಸೆಯ ನಿರಾಕರಣೆಗೆ ನಿದರ್ಶನವಾಗಿ ಹೇಳುವುದುಂಟು. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ: ಚೆಲ್ಲಿದ ಕಾಳಿಗೂ ಒಬ್ಬ ವಾರಸುದಾರನುಂಟು, ತನ್ನ ಅಗತ್ಯಕ್ಕಿಂತ ಹೆಚ್ಚಾದುದು ಇತರರದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯಲು ಮಾರಯ್ಯನಿದ್ದನು. ನೆಲದೊಳಗೆ ಚೆಲ್ಲಿದ ಶುದ್ಧೀಕರಿಸಿದ ನೀರನ್ನು ಆಯ್ದು ತರುವವರು ಯಾರೂ ಇಲ್ಲ. ಅದನ್ನು ನದಿಯಿಂದ ಎತ್ತಲು ತೆತ್ತ ವಿದ್ಯುತ್ತು, ಶೋಧಿಸಿದವನ ದುಡಿಮೆ, ಕಡೆಯ ಮನೆಯ ಕಾಯುವಿಕೆ, ಇವು ಯಾವುವೂ ಮರಳುವುದಿಲ್ಲ. ಬೆಳಗ್ಗೆ ಲಿಂಗಾರ್ಚನೆಗೆ ಅಗ್ಘವಣಿಯನ್ನು ತುಂಬಿಕೊಳ್ಳುವುದು ಯಾವ ಕೊಳವೆಯಿಂದಲೋ ಅದರ ಇನ್ನೊಂದು ಸಂದಿನಲ್ಲಿ ಪರರ ಪಾಲು ಸೋರುತ್ತಿದ್ದರೆ, ಸದ್ಭಕ್ತನು ಆ ಅಗ್ಘವಣಿಯನ್ನು ನಿಶ್ಚಿಂತನಾಗಿ ಎತ್ತಬಲ್ಲನೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಮೂರನೆಯ ಪೂರ್ವಪಕ್ಷವು ಮೇಲ್ನೋಟಕ್ಕೆ ಅಧ್ಯಾತ್ಮದ ಪಕ್ಷದ್ದು. "ಕೊಳವೆ, ಮಣ್ಣು, ಬೇರು ಇವು ಬಹಿರಂಗದ ಸಂಗತಿಗಳು. ಸಾಧಕನಿಗೆ ಬೇಕಾದುದು ಅಂತರಂಗದ ಶುದ್ಧಿ. ಹೊರಗಿನ ಸೋರಿಕೆಗಿಂತ ಮನಸ್ಸಿನ ಸೋರಿಕೆಯನ್ನು ನೋಡಿಕೊಳ್ಳುವುದು ಮೇಲಲ್ಲವೇ?" ಇದಕ್ಕೆ ಬೆಂಬಲವಾಗಿ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವನ್ನೂ ತರಬಹುದು. ಸಿದ್ಧರಾಮನು ಜನೋಪಕಾರಕ್ಕಾಗಿ ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ಕಟುವಾಗಿ ಹಳಿದನೆಂದೂ, ಆ ಬಳಿಕ ಸಿದ್ಧರಾಮನ ದೃಷ್ಟಿ ಒಳಮುಖವಾಯಿತೆಂದೂ ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಹಾಗಾದರೆ ಪ್ರಭುವು ಕೆರೆಯನ್ನೇ ನಿಷೇಧಿಸಿದನೇ? ಹಾಗೆ ತಿಳಿಯುವುದು ಪ್ರಸಂಗದ ತಿರುಳನ್ನು ಬಿಟ್ಟಂತೆ. ನಿಷೇಧವು "ನಾನು ಕಟ್ಟಿಸಿದೆ" ಎಂಬ ಭಾವಕ್ಕೆ. ನೀರಡಿಸಿದವನಿಗೆ ನೀರು ದೊರೆಯುವುದಕ್ಕಲ್ಲ. ಸೊನ್ನಲಿಗೆಯ ಆ ಕೆರೆ ಇಂದಿಗೂ ಸೊಲ್ಲಾಪುರದಲ್ಲಿ ಉಂಟು.

ಈ ಪ್ರಸಂಗದ ಬೆಳಕಿನಲ್ಲಿ ನೋಡಿದರೆ ಸೋರಿಕೆಯ ದುರಸ್ತಿಗೆ ಒಂದು ವಿಶೇಷ ಗುಣವಿರುವುದು ಕಾಣುತ್ತದೆ. ಕೆರೆ ಕಟ್ಟಿಸಿದವನಿಗೆ ಹೆಸರುಂಟು, ಶಾಸನವುಂಟು, ಜನರ ಹೊಗಳಿಕೆಯುಂಟು. ಆದುದರಿಂದಲೇ ಅಲ್ಲಿ ಅಹಂಕಾರಕ್ಕೆ ಎಡೆಯುಂಟು. ನೆಲದೊಳಗಿನ ಸಂದನ್ನು ಬಿಗಿದು ಮಣ್ಣು ಮುಚ್ಚಿದವನನ್ನು ಹೊಗಳುವವರು ಯಾರು? ಅವನು ಉಳಿಸಿದ ನೀರು ಕಾಣುವುದಿಲ್ಲ. ಅವನು ತಪ್ಪಿಸಿದ ಬೇನೆ ಯಾರಿಗೂ ಬರಲಿಲ್ಲವಾದುದರಿಂದ ಅದೂ ಕಾಣುವುದಿಲ್ಲ. ಯಾರೂ ಕಾಣದ, ಯಾರೂ ಹೊಗಳದ ಕೆಲಸವನ್ನು ಮಾಡುವಾಗಲೇ ಕಾಯಕದಲ್ಲಿ "ನಾನು" ಎಂಬುದು ಎಷ್ಟು ಉಳಿದಿದೆ, ಎಷ್ಟು ಅಳಿದಿದೆ ಎಂಬುದು ಗೊತ್ತಾಗುವುದು. ಹೀಗೆ ಬಹಿರಂಗದ ಕೆಲಸವು ಅಂತರಂಗದ ಒರೆಗಲ್ಲಾಗುತ್ತದೆ. ಮನಸ್ಸಿನ ಸೋರಿಕೆಯ ನೆಪದಲ್ಲಿ ಮನೆಯ ಸೋರಿಕೆಯನ್ನು ಬಿಟ್ಟವನು ಎರಡನ್ನೂ ಬಿಟ್ಟವನೇ.

ಇಷ್ಟರ ಮೇಲೆ ನೆರೆಹೊರೆಯ ವ್ಯಾಜ್ಯಕ್ಕೆ ನಿರ್ಣಯ ಕಷ್ಟವಾಗದು. ಮೊದಲು ಸಂದನ್ನು ತೆಗೆದು ಹೊಸದಾಗಿ ಬಿಗಿಯಬೇಕು. ಅದರ ವೆಚ್ಚ ಕೊಳವೆಯೊಡೆಯನದು. ಸಂದಿನ ಸುತ್ತಣ ಎಳೆಬೇರುಗಳನ್ನು ಮಾತ್ರ ಸವರಿದರೆ ಸಾಕು. ಮರವನ್ನು ಹೊತ್ತು ನಿಂತ ಬುಡದ ದಪ್ಪ ಬೇರನ್ನು ಕಡಿದರೆ ಗಾಳಿಮಳೆಗೆ ಮರವೇ ಮನೆಯ ಮೇಲೆ ಒರಗಬಹುದು. ಮರವನ್ನು ಕಡಿದರೂ ಬಿರುಕು ಹಾಗೆಯೇ ಇದ್ದರೆ ನೀರು ಸೋರುತ್ತಲೇ ಇರುತ್ತದೆ, ನಾಳೆ ಇನ್ನೊಂದು ಗಿಡದ ಬೇರು ಬರುತ್ತದೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣೆಯ ಶಾಸನದಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಪಟ್ಟಣದ ಮರವನ್ನು ಉರುಳಿಸಲು ವೃಕ್ಷಾಧಿಕಾರಿಯ ಅನುಮತಿಯೂ ಬೇಕು. ಸಾಧ್ಯವಾದರೆ ಕೊಳವೆಯನ್ನು ಮರದಿಂದ ದೂರ ಸರಿಸಿ, ಸಂದುಗಳು ಮರದ ಬಳಿ ಬಾರದಂತೆ ಒಂದೇ ಉದ್ದದ ಕೊಳವೆಯನ್ನು ಹಾಕುವುದು ಉತ್ತಮ. ಮರದ ಒಡೆಯನೂ ಸುಮ್ಮನಿರಲಾಗದು. ಅಗೆತಕ್ಕೆ ತನ್ನ ಹಿತ್ತಿಲನ್ನು ಬಿಟ್ಟುಕೊಡುವುದು, ಮುಂದೆ ನೆಡುವ ಆಲ ಅರಳಿಗಳನ್ನು ಕೊಳವೆಯ ಜಾಡಿನಿಂದ ದೂರ ಇಡುವುದು, ಇವು ಅವನ ಪಾಲು. ನೆರೆಯವನು ಬಡವನಾಗಿ, ಸಿಮೆಂಟಿನ ನೆಲವನ್ನು ಒಡೆಸಿ ದುರಸ್ತಿ ಮಾಡಿಸಲು ಶಕ್ತಿಯಿಲ್ಲದಿದ್ದರೆ ಆಗ ಹೊಣೆಯು ಕೇರಿಗೆ ವಿಸ್ತರಿಸುತ್ತದೆ. ಸಾಲಿನಲ್ಲಿ ನೀರು ಕುಡಿಯುವವರೆಲ್ಲರಿಗೂ ಆ ಸಂದು ಸೇರಿದ್ದು. ಅನ್ನವನ್ನು ನೀಡುವುದು ದಾಸೋಹವಾದರೆ ಅಶಕ್ತನ ಕೊಳವೆಯನ್ನು ಬಿಗಿಸಿಕೊಡುವುದೂ ದಾಸೋಹವೇ.

ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದನು. ಕೆರೆಯ ತೂಬನ್ನು ತೆರೆದು ಮುಚ್ಚುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವುದು, ಏರಿಯ ಮೇಲೆ ಓಡಾಡಿ ಒಸರು ಕಂಡರೆ ಊರವರಿಗೆ ತಿಳಿಸುವುದು ಅವನ ಕಾಯಕ. ಅವನು ನೀರಿನ ಒಡೆಯನಲ್ಲ, ಕಾವಲುಗಾರ. ಇಂದು ಕೆರೆಯು ಮನೆಮನೆಯ ಗೋಡೆಯೊಳಗೆ ಕೊಳವೆಯಾಗಿ ಬಂದು ಸೇರಿದೆ. ಆದುದರಿಂದ ಪ್ರತಿಯೊಬ್ಬ ಗೃಹಸ್ಥನೂ ಪ್ರತಿಯೊಬ್ಬ ಗೃಹಿಣಿಯೂ ತಮ್ಮ ಮನೆಯ ಮಟ್ಟಿಗೆ ನೀರುಗಂಟಿಗಳಾಗಬೇಕಾಗಿದೆ. ದೊಡ್ಡ ನಗರಗಳ ನೀರಿನ ಇಲಾಖೆಯ ಕೆಲಸಗಾರರು ಊರು ಮಲಗಿದ ಮೇಲೆ ಬೀದಿಯಲ್ಲಿ ನಿಂತು, ಉದ್ದನೆಯ ಕೋಲಿನ ಒಂದು ತುದಿಯನ್ನು ಕೊಳವೆಗೆ ತಾಗಿಸಿ ಇನ್ನೊಂದಕ್ಕೆ ಕಿವಿಗೊಟ್ಟು, ಸೋರುವ ನೀರಿನ ಸದ್ದನ್ನು ಆಲಿಸುವ ಪದ್ಧತಿಯುಂಟು. ಹಗಲಿನ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ.

ತರೀಕೆರೆಯ ಭಕ್ತರೂ ನಾಡಿನ ಎಲ್ಲ ಸದ್ಭಕ್ತರೂ ತಿಂಗಳಿಗೊಂದು ರಾತ್ರಿ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ತೊಟ್ಟಿಯ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ಬೆಳಗ್ಗೆ ಎದ್ದು ಅದನ್ನು ನೋಡುವ ನಿಯಮವನ್ನು ಇಟ್ಟುಕೊಂಡರೆ ಒಳ್ಳೆಯದು. ಹೊತ್ತು ಹೆಚ್ಚು ಬೇಡ, ಹಣ ಬೇಡ. ಗೆರೆಗಿಂತ ನೀರು ಇಳಿದಿದ್ದರೆ ಅಂದೇ ಕೆಲಸದವನಿಗೆ ಹೇಳಿಕಳುಹಿಸುವುದು ಧರ್ಮ. ಇಳಿಯದೆ ಇದ್ದರೆ ಕಡೆಯ ಮನೆಯ ಕೊಡವೂ ಅಷ್ಟರ ಮಟ್ಟಿಗೆ ತುಂಬಿತೆಂದು ತಿಳಿದು ಅಗ್ಘವಣಿಯನ್ನು ಎತ್ತಬಹುದು. ಶರಣು.